‘ಜೀಗ್ಲರ್’ ಅಂದರೆ ಹಂಚಿನವನೋ, ಆಡಿನವನೋ? ಮಂಗಳೂರಿನ ಜೆಪ್ಪುವಿನ ಹಂಚಿಗೂ ಈ ಹೆಸರಿಗೂ ಸಂಬಂಧ ಉಂಟಾ?

ಬಂದರು_ಓದುಗ (ಮಂಗಳೂರು):

ಎಲ್ಲರಿಗೂ ನಮಸ್ಕಾರ. ಸಣ್ಣ ಗ್ರಂಥಾಲಯವೊಂದರ ಹಳೆ ಪುಸ್ತಕಗಳಿಗೆ ಕನ್ನಡದಲ್ಲಿ ವಿವರಣೆಯ ಚೀಟಿ ಬರೆಯುವ ಕೆಲಸ ನಡೆಯುತ್ತಾ ಉಂಟು. ಅದರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಮುದ್ರಣಾಲಯದ್ದೊಂದು ಪುಸ್ತಕ. ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸುವಂಥದ್ದು, ಬರೆದವರು ಎಫ್. ಜೀಗ್ಲರ್. ಅದೇ ಕಪಾಟಿನಲ್ಲಿ ಬಾಸೆಲ್ ಮಿಶನ್ನಿನ ಎರಡು ಹಳೆ ಹಂಚುಗಳೂ ಇವೆ. ಎರಡರ ಮೇಲೂ 1865 ಎಂದು ಅಚ್ಚು ಒತ್ತಿದೆ.

ಪುಸ್ತಕದ ಹಳೆಯ ಚೀಟಿಯಲ್ಲಿ ‘ಜೀಗ್ಲರ್ ಎಂದರೆ ಜರ್ಮನ್ ಭಾಷೆಯಲ್ಲಿ ಆಡು ಕಾಯುವವನು’ ಎಂದಿದೆ. ಇನ್ನೊಬ್ಬರು ಪೆನ್ಸಿಲಿನಲ್ಲಿ ಅದನ್ನು ಹೊಡೆದುಹಾಕಿ, ‘ಹಂಚು ಮಾಡುವವನು, ಜೆಪ್ಪುವಿಗೆ ಹಂಚು ತಂದ ಮನೆತನ’ ಎಂದು ಬರೆದಿದ್ದಾರೆ. ಎರಡರಲ್ಲಿ ಯಾವುದು ಸರಿ? ಕನ್ನಡದಲ್ಲಿ ಹೇಗೆ ಬರೆಯಬೇಕು: ಜೀಗ್ಲರ್, ಸೀಗ್ಲರ್, ಝೈಗ್ಲರ್? ಈ ಕಸುಬಿನವ ಅಲ್ಲಿ ನಿಜವಾಗಿ ಮಾಡುತ್ತಿದ್ದ ಕೆಲಸ ಏನು? ಈ ಹೆಸರಿನ ಬೇರೆ ಹೆಸರುವಾಸಿ ಜನ ಯಾರು? ಆ ಹಂಚುಗಳ ಕಾಲಕ್ಕೆ 1865 ಅಂತಲೇ ಹಾಕಬಹುದಾ? ಚೀಟಿ ಒಮ್ಮೆ ಅಂಟಿಸಿದರೆ ಮುಂದಿನ ಮೂವತ್ತು ವರ್ಷ ಯಾರೂ ಮುಟ್ಟುವುದಿಲ್ಲ, ಹಾಗಾಗಿ ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.


ಮಣಿಪಾಲ_ಜರ್ಮನ್_ಪಾಠ:

ಆಡಿಗೂ ಈ ಹೆಸರಿಗೂ ಸಂಬಂಧ ಇಲ್ಲ. ಜರ್ಮನ್‌ನಲ್ಲಿ ಆಡಿಗೆ ‘ತ್ಸೀಗೆ’, ಹಂಚು-ಇಟ್ಟಿಗೆಗೆ ‘ತ್ಸೀಗೆಲ್’. ಕೊನೆಯ ‘ಲ್’ ಒಂದರದ್ದೇ ವ್ಯತ್ಯಾಸ, ತಪ್ಪು ಹುಟ್ಟಿದ್ದೂ ಅಲ್ಲಿಂದಲೇ. ಆಡು ಇರುವ ಹೆಸರು ಬೇಕಿದ್ದರೆ ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಬಾರ್ಥೊಲೊಮೇಯುಸ್ ತ್ಸೀಗೆನ್‌ಬಾಲ್ಗ್ ಅವರದ್ದು ಉಂಟು. ಆ ಹೆಸರನ್ನು ಬಿಡಿಸಿದರೆ ‘ಆಡಿನ ತೊಗಲು’. ಇಬ್ಬರೂ ಮಿಶನರಿಗಳು, ಇಬ್ಬರ ಹೆಸರೂ ಒಂದೇ ಥರ ಶುರುವಾಗುತ್ತದೆ. ಹಳೆಯ ಚೀಟಿ ಬರೆದವರಿಗೆ ಗೊಂದಲವಾದದ್ದು ಸಹಜ.

‘ತ್ಸೀಗೆಲ್’ ಮೂಲದಲ್ಲಿ ಜರ್ಮನ್ ಶಬ್ದವಲ್ಲ. ಮಣ್ಣು ಸುಟ್ಟು ಮಾಡು (ಛಾವಣಿ) ಹೊದಿಸುವ ವಿದ್ಯೆಯನ್ನು ರೋಮನ್ನರು ಆಲ್ಪ್ಸ್ ಪರ್ವತ ದಾಟಿಸಿ ಒಯ್ದಾಗ ‘ತೇಗುಲ’ ಎಂಬ ಲ್ಯಾಟಿನ್ ಶಬ್ದವೂ ಜೊತೆಗೆ ಹೋಯಿತು. ಅದರ ಧಾತು ‘ತೆಗೆರೆ’, ಮುಚ್ಚು ಎಂಬ ಅರ್ಥ. ಸಂಸ್ಕೃತದ ‘ಸ್ಥಗ್’ ಧಾತು ಇದರ ದಾಯಾದಿ. ನಾವು ‘ನಿಂತುಹೋದ’ ಎಂಬ ಅರ್ಥದಲ್ಲಿ ಬಳಸುವ ‘ಸ್ಥಗಿತ’ಕ್ಕೆ ಸಂಸ್ಕೃತದಲ್ಲಿ ‘ಮುಚ್ಚಿದ, ಮರೆಮಾಡಿದ’ ಎಂದೇ ಅರ್ಥ. ಜರ್ಮನ್ನರ ಸ್ವಂತ ಶಬ್ದ ‘ಡಾಖ್’, ಅಂದರೆ ಮಾಡು, ಅದೂ ಇದೇ ಬೇರಿನದು. ಮಾಡು ಹೊದಿಸುವವನ ಹೆಸರು ‘ಡೆಕ್ಕರ್’, ಹಂಚು ಸುಡುವವನ ಹೆಸರು ‘ತ್ಸೀಗ್ಲರ್’. ಒಂದು ಮನೆಯಲ್ಲೇ ಹುಟ್ಟಿ ಬೆಳೆದದ್ದು, ಇನ್ನೊಂದು ರೋಮ್ ಸುತ್ತಿ ಬಂದದ್ದು. ಚೀಟಿಯಲ್ಲಿ ಈ ಇಬ್ಬರನ್ನು ಬೆರೆಸಬೇಡಿ: ಹಂಚು ಸುಡುವವ ಮಾಡಿಗೆ ಹತ್ತುವುದಿಲ್ಲ, ಮಾಡು ಹೊದಿಸುವವ ಆವೆಯ ಬಾಯಿಗೆ ಬರುವುದಿಲ್ಲ.

‘ತೇಗುಲ’ದ ತಕಾರ ‘ತ್ಸ’ ಆದದ್ದು ಹೇಗೆ? ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದ ಹಾಗೆ. ದಕ್ಷಿಣ ಜರ್ಮನಿಯ ಮಾತಿನಲ್ಲಿ ಒಂದು ಕಾಲಕ್ಕೆ ಪದದ ಮೊದಲ ಟಕಾರಗಳೆಲ್ಲ ‘ತ್ಸ’ ಆದವು. ಇಂಗ್ಲಿಷಿನ ‘ಟೆನ್’ ಅಲ್ಲಿ ‘ತ್ಸೇನ್’, ‘ಟಂಗ್’ ಅಲ್ಲಿ ‘ತ್ಸುಂಗೆ’. ಉತ್ತರ ಜರ್ಮನಿಗೆ ಈ ಬದಲಾವಣೆ ಮುಟ್ಟಲಿಲ್ಲ. ಹಾಗಾಗಿ ಅಲ್ಲಿ ಅದೇ ಕಸುಬಿನವ ‘ತೇಗೆಲರ್’, ಹಾಲೆಂಡಿನಲ್ಲಿ ‘ತಿಖೆಲಾರ್’, ಇಂಗ್ಲೆಂಡಿನಲ್ಲಿ ‘ಟೈಲರ್’. ಈ ಟೈಲರ್ ಬಟ್ಟೆ ಹೊಲಿಯುವವನಲ್ಲ, ಹಂಚಿನವ. ಪೂರ್ವಕ್ಕೆ ಹೋದರೆ ಚೆಕ್ ಭಾಷೆಯ ‘ತ್ಸಿಹ್ಲಾರ್ಶ್’, ಹಂಗೇರಿಯ ‘ತೇಗ್ಲಾಶ್’ ಕೂಡ ಇದೇ ಬಳಗ.

ನಮ್ಮಲ್ಲಿ ಇದಕ್ಕೆ ಸರಿಹೊಂದುವ ಮಾತು ಕನ್ನಡಕ್ಕಿಂತ ಚೆನ್ನಾಗಿ ತುಳುವಿನಲ್ಲಿ ಸಿಗುತ್ತದೆ. ತುಳುವಿನಲ್ಲಿ ಹಂಚಿಗೆ ‘ಓಡು’, ಮಣ್ಣಿನ ಕೆಲಸದವನಿಗೆ ‘ಓಡಾರಿ’. ಹಂಚಿನಿಂದಲೇ ಕಸುಬುದಾರನ ಹೆಸರು ಕಟ್ಟಿದ ರೀತಿ ಒಂದೇ. ಆದರೆ ಒಂದು ವ್ಯತ್ಯಾಸ: ಓಡಾರಿ ಮಡಕೆಯನ್ನೂ ಮಾಡುತ್ತಾನೆ. ಜರ್ಮನ್ ನಾಡಿನಲ್ಲಿ ಮಡಕೆಯವನಿಗೆ ಬೇರೆಯೇ ಹೆಸರು. ದಕ್ಷಿಣದಲ್ಲಿ ‘ಹಾಫ್ನರ್’, ಪೂರ್ವದ ಕಡೆ ‘ಟ್ಯೋಪ್ಫರ್’. ತ್ಸೀಗ್ಲರ್ ತಿಗರಿ ಮುಟ್ಟುವವನಲ್ಲ, ಅಚ್ಚಿನ ಚೌಕಟ್ಟಿನವ.

ಉಚ್ಚಾರ: ಮೊದಲ ಅಕ್ಷರ ‘ತ್ಸೀ’, ದೀರ್ಘ. ಕೊನೆಯ ‘ರ್’ ಪೂರ್ತಿ ಕೇಳಿಸುವುದಿಲ್ಲ, ‘ತ್ಸೀಗ್ಲ’ ಎಂದು ಬಾಯಿ ತೆರೆದು ನಿಲ್ಲಿಸಿದ ಹಾಗೆ. ಚೀಟಿಯಲ್ಲಿ ರೂಢಿಯ ‘ಜೀಗ್ಲರ್’ ಇಟ್ಟು, ಪಕ್ಕದಲ್ಲಿ ‘ಉಚ್ಚಾರ: ತ್ಸೀಗ್ಲರ್’ ಎಂದು ಕೊಟ್ಟರೆ ಸಾಕು. ‘ಝೈಗ್ಲರ್’ ಮಾತ್ರ ಖಂಡಿತ ಬೇಡ. ರೋಮನ್ ಲಿಪಿಯ i ಮೊದಲು, e ಆಮೇಲೆ ಬಂದರೆ ಜರ್ಮನ್‌ನಲ್ಲಿ ‘ಈ’. e ಮೊದಲು ಬಂದರೆ ‘ಐ’. ಅಮೆರಿಕಕ್ಕೆ ಹೋದ ಕೆಲವು ಮನೆತನಗಳ ಕಾಗದಪತ್ರದಲ್ಲಿ ಈ ಎರಡು ಅಕ್ಷರ ಅದಲುಬದಲಾಗಿ ಹಾಗೇ ಉಳಿದುಬಿಟ್ಟಿವೆ. ಹುಡುಕುವಾಗ ಎರಡೂ ಕಾಗುಣಿತ ಹಾಕಿ ನೋಡಿ.


ಜೆಪ್ಪು_ಆವೆಮಣ್ಣು:

ಕಸುಬಿನ ಬಗ್ಗೆ ಬರೆಯುತ್ತೇನೆ. ಮೊದಲು ಗಮನಿಸಬೇಕಾದದ್ದು: ‘ತ್ಸೀಗೆಲ್’ ಎಂಬ ಒಂದೇ ಶಬ್ದಕ್ಕೆ ಗೋಡೆಯ ಇಟ್ಟಿಗೆಯೂ ಆಯಿತು, ಮಾಡಿನ ಹಂಚೂ ಆಯಿತು. ಆದ್ದರಿಂದ ಚೀಟಿಯಲ್ಲಿ ‘ಹಂಚು ಮಾಡುವವ’ ಎಂದರೆ ಅರ್ಧ ಮಾತ್ರ ಸರಿ, ‘ಹಂಚು ಮತ್ತು ಇಟ್ಟಿಗೆ ಸುಡುವವ’ ಎಂದಾಗಬೇಕು. ಬಹಳ ಕಡೆ ಅದೇ ಆವೆಯಲ್ಲಿ ಸುಣ್ಣವನ್ನೂ ಸುಡುತ್ತಿದ್ದ. ಬೆಂಕಿ ಮತ್ತು ಹೊಗೆಯ ಭಯಕ್ಕೆ ಅವನ ಗುಡಿಸಲು ಊರ ಹೊರಗೆ, ಮಣ್ಣಿನ ಹೊಂಡದ ಪಕ್ಕ, ಕಟ್ಟಿಗೆ ಸಿಗುವ ಕಡೆ ಇರುತ್ತಿತ್ತು. ಎಷ್ಟೋ ಕಡೆ ಆ ಆವೆ ಪಟ್ಟಣದ ಆಡಳಿತದ್ದು ಅಥವಾ ಮಠದ್ದು, ಇವನು ನಡೆಸಿಕೊಂಡು ಹೋಗುವವ. ಊರಿಗೆ ಒಬ್ಬನೇ ಇದ್ದುದರಿಂದ ‘ಹಂಚಿನ ಹಾನ್ಸ್’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕಸುಬು ಗುರುತಾಗಿ, ಗುರುತು ಮನೆತನದ ಹೆಸರಾಗಿ ಗಟ್ಟಿಯಾಯಿತು.

ಅವನ ವರ್ಷ ನಮ್ಮ ಮಳೆಗಾಲಕ್ಕೆ ಹೊಂದಿಕೊಂಡ ಕೆಲಸದ ಹಾಗಲ್ಲ, ಚಳಿಗೆ ಹೊಂದಿಕೊಂಡದ್ದು. ಚಳಿಗಾಲ ಬರುವ ಮೊದಲು ಮಣ್ಣು ಅಗೆದು ಬಯಲಿನಲ್ಲಿ ರಾಶಿ ಹಾಕುವುದು. ಉಂಡೆಗಳೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಮಣ್ಣನ್ನು ಪುಡಿಮಾಡುತ್ತದೆ. ಮನುಷ್ಯ ತುಳಿದು ಮಾಡಬೇಕಾದ ಕೆಲಸವನ್ನು ಅಲ್ಲಿ ಹಿಮವೇ ಮಾಡಿಕೊಡುತ್ತದೆ. ಕರಾವಳಿಯಲ್ಲಿ ಹಿಮ ಇಲ್ಲ. ಅದಕ್ಕೇ ಇಲ್ಲಿ ಆವೆಮಣ್ಣನ್ನು ರಾಶಿ ಹಾಕಿ ಹದ ಬರಲು ಬಿಡುವುದು, ಯಂತ್ರದಲ್ಲಿ ನಾದುವುದು ಬಹಳ ಮುಖ್ಯ. ಇದರಲ್ಲಿ ಅವಸರ ಮಾಡಿದರೆ ಹಂಚಿನೊಳಗೆ ಗಟ್ಟಿ ಗಂಟು ಉಳಿಯುತ್ತದೆ, ಒಣಗುವಾಗ ಗಂಟಿನ ಸುತ್ತ ಬಿರುಕು ಬಿಡುತ್ತದೆ.

ಚಳಿ ಕಳೆದ ಮೇಲೆ ಮರದ ಚೌಕಟ್ಟಿನ ಅಚ್ಚಿಗೆ ಮರಳು ಉದುರಿಸಿ, ಮಣ್ಣು ಬಡಿದು ತುಂಬಿ, ಪಟ್ಟಿಯಿಂದ ಮೇಲೆ ಎಳೆದು ಸಮ ಮಾಡುವುದು. ಕೈಯಲ್ಲಿ ತುಂಬುವ ಮಣ್ಣಿಗೆ ತೂಕದ ಕಾಲು ಭಾಗದಷ್ಟು ಅಥವಾ ತುಸು ಹೆಚ್ಚು ನೀರು ಬೇಕು. ಆ ನೀರು ಹೋದಷ್ಟೂ ಹಂಚು ಕುಗ್ಗುತ್ತದೆ. ಒಣಗಿ ಸುಡುವ ಹೊತ್ತಿಗೆ ಒಟ್ಟು 8 ಶೇಕಡಾ ಕುಗ್ಗುವ ಮಣ್ಣಾದರೆ, 410 ಮಿಲಿಮೀಟರ್ ಉದ್ದದ ಹಂಚಿಗೆ ಅಚ್ಚು ಸುಮಾರು 446 ಮಿಲಿಮೀಟರ್ ಇರಬೇಕು. ಮಣ್ಣಿನ ಹೊಂಡ ಬದಲಾದರೆ ಕುಗ್ಗುವ ಪ್ರಮಾಣವೂ ಬದಲಾಗುತ್ತದೆ, ಹಳೆ ಅಚ್ಚಿನ ಹಂಚು ರೀಪಿಗೆ ಕೂರುವುದಿಲ್ಲ. ಎರಡು ಕಾರ್ಖಾನೆಯ ಹಂಚುಗಳನ್ನು ಒಂದೇ ಮಾಡಿನಲ್ಲಿ ಬೆರೆಸಿದರೆ ಸೋರುವುದು ಇದರಿಂದಲೇ.

ಒಣಗಿಸುವುದು ನೆರಳಿನಲ್ಲಿ, ನಿಧಾನವಾಗಿ. ಒಂದು ಮಗ್ಗುಲಿಗೆ ಮಾತ್ರ ಬಿಸಿಲೋ ಗಾಳಿಯೋ ಬಿದ್ದರೆ ಆ ಮಗ್ಗುಲು ಮೊದಲು ಕುಗ್ಗಿ ಹಂಚು ಸೊಟ್ಟಗಾಗುತ್ತದೆ. ಆಮೇಲೆ ಸುಡುವುದು. ಮೊದಲ ಕೆಲವು ದಿನ ಹೊಗೆಬೆಂಕಿ ಮಾತ್ರ, ಉಳಿದ ತೇವ ಹೋಗುವುದಕ್ಕೆ. ನೂರು ಡಿಗ್ರಿಯ ಆಸುಪಾಸಿನಲ್ಲಿ ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಹಂಚನ್ನೇ ಒಡೆಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಹರಳುಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅದೇ ಜಾಗದಲ್ಲಿ ಒಮ್ಮೆಲೇ ಕುಗ್ಗುತ್ತವೆ. ಆವೆಯ ಬಾಯಿ ಬೇಗ ತೆಗೆದರೆ ಕೂದಲೆಳೆಯ ಸೀಳು ಬೀಳುವುದು ಇಲ್ಲೇ. ಸರಿಯಾದ ಕಾವು ಮಣ್ಣಿನ ಗುಣ ನೋಡಿಕೊಂಡು 900ರಿಂದ 1000 ಡಿಗ್ರಿ. ಕಮ್ಮಿಯಾದರೆ ಹಂಚು ನೀರು ಕುಡಿಯುತ್ತದೆ, ಹೆಚ್ಚಾದರೆ ಕರಗಿ ಬಾಗುತ್ತದೆ. ಬೆರಳಲ್ಲಿ ತಟ್ಟಿದರೆ ಕಂಚಿನ ದನಿ ಬರಬೇಕು. ‘ದಬ್’ ಎಂದರೆ ಒಳಗೆ ಸೀಳು ಉಂಟು, ಇಲ್ಲವೇ ಬೆಂದಿಲ್ಲ. ಇನ್ನೊಂದು ಪರೀಕ್ಷೆ: ಒಣಗಿದ ಹಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗುವುದು. ಎರಡೂವರೆ ಕಿಲೋದ ಹಂಚು ಅರ್ಧ ಕಿಲೋಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ ಅದು ಮಾಡಿಗೆ ಯೋಗ್ಯವಲ್ಲ.

ಹಂಚಿನವನ ದೊಡ್ಡ ಶತ್ರು ಸುಣ್ಣದ ಚೂರು. ಅಲ್ಲಿ ಅದು ಸುಣ್ಣಕಲ್ಲಿನ ಹರಳು, ಅಳಿವೆಯ ಮಣ್ಣಿನಲ್ಲಾದರೆ ಮರುವಾಯಿ ಚಿಪ್ಪಿನ ಚೂರು. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆವೆಯಿಂದ ಹೊರಬಂದ ಹಂಚು ನೋಡಲು ಚೆನ್ನಾಗೇ ಇರುತ್ತದೆ. ಮೊದಲ ಮಳೆಯ ನೀರು ತಾಗಿದಾಗ ಸುಣ್ಣ ಅರಳಿ, ಉಬ್ಬಿ, ಹಂಚಿನ ಮೇಲ್ಮೈಯನ್ನು ಚಿಪ್ಪಿನಂತೆ ಎಬ್ಬಿಸಿ ಬಿಸಾಡುತ್ತದೆ. ಗುಂಡಿಯ ನಡುವೆ ಬಿಳಿ ಚುಕ್ಕೆ ಕಂಡರೆ ಕಾರಣ ಅದೇ. ನುಣ್ಣಗೆ ಅರೆದರೆ ಅಪಾಯ ಕಮ್ಮಿ, ಕಾಳಿನ ಗಾತ್ರದಲ್ಲಿ ಉಳಿದರೆ ಹಂಚು ಹೋಯಿತೆಂದೇ ಲೆಕ್ಕ.

ಈಗ ಕಪಾಟಿನ ಹಂಚಿನ ವಿಷಯ. ಹಳೆ ಜರ್ಮನ್ ತ್ಸೀಗ್ಲರ್ ಮಾಡುತ್ತಿದ್ದ ಸಾಮಾನ್ಯ ಹಂಚಿಗೆ ಅಲ್ಲಿಯವರು ‘ಬೀವರ್ ಬಾಲ’ ಎನ್ನುತ್ತಾರೆ. ಬೀವರ್ ಎಂದರೆ ಚಪ್ಪಟೆ ಬಾಲದ ನೀರಿನ ಪ್ರಾಣಿ. ಚಪ್ಪಟೆ ಹಲಗೆ, ಕೆಳತುದಿ ದುಂಡಗೆ, ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸಲು ಒಂದು ಮೂಗು. ಸುಮಾರು 18 ಸೆಂಟಿಮೀಟರ್ ಅಗಲ, 38 ಉದ್ದ. ಒಂದರ ಪಕ್ಕ ಒಂದನ್ನು ಹಿಡಿದುಕೊಳ್ಳಲು ಅದಕ್ಕೆ ಗಾಡಿ (ಅಂಚಿನಲ್ಲಿ ಕೊರೆದ ಗೆರೆ) ಇಲ್ಲ, ಹಾಗಾಗಿ ಎರಡು ಪದರ ಹೊದಿಸಬೇಕು. ಒಂದು ಚದರ ಮೀಟರಿಗೆ ಸುಮಾರು 35 ಹಂಚು ಬೇಕು. ಮಂಗಳೂರು ಹಂಚು ಅದೇ ಜಾಗಕ್ಕೆ 15-16 ಸಾಕು. ನೂರು ಚದರಡಿಗೆ 150 ಎಂಬ ನಮ್ಮ ಮೇಸ್ತ್ರಿಗಳ ಲೆಕ್ಕ ಅದೇ. ಅಂಚಿನಲ್ಲಿ ಗಾಡಿ ಕೊರೆದು ಒಂದನ್ನೊಂದು ಕಚ್ಚಿಸುವ ಉಪಾಯ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಖ್‌ನ ಜಿಲಾರ್ಡೋನಿ ಸಹೋದರರದ್ದು, 1841ರ ಪೇಟೆಂಟ್. ಮಂಗಳೂರು ಹಂಚು ಆ ಕುಲಕ್ಕೆ ಸೇರಿದ್ದು. ಕೈಅಚ್ಚಿನ ತ್ಸೀಗ್ಲರ್‌ನ ಹಂಚಿನ ಕುಲಕ್ಕಲ್ಲ.

1865ರ ಅಚ್ಚು: ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ತಯಾರಾದ ವರ್ಷವಲ್ಲ. ದಶಕಗಳ ನಂತರ ಒತ್ತಿದ ಹಂಚಿನಲ್ಲೂ ಅದೇ ಇಸವಿ ಇರುತ್ತದೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು, ಆಮೇಲಿನ ಹಂಚಿನಲ್ಲಿ ಆ ಹೆಸರು ಬರುತ್ತದೆ. ‘ಬಾಸೆಲ್ ಮಿಶನ್’ ಎಂದೇ ಇದ್ದರೆ ಚೀಟಿಯಲ್ಲಿ ‘1865ರ ನಂತರ, ಮೊದಲ ಮಹಾಯುದ್ಧಕ್ಕಿಂತ ಹಿಂದೆ’ ಎಂದು ಹಾಕಿ. ಕುದ್ರೋಳಿ, ಮಲ್ಪೆಯಲ್ಲೂ ಅವರ ಕಾರ್ಖಾನೆ ಇತ್ತು, ಊರಿನ ಹೆಸರು ಓದಲು ಆಗುತ್ತದಾ ನೋಡಿ. ಹಂಚನ್ನು ಆಸಿಡ್ ಹಾಕಿ ಉಜ್ಜಬೇಡಿ, ಅಚ್ಚಿನ ಅಂಚು ಸವೆಯುತ್ತದೆ. ನೀರು ಮತ್ತು ಮೆತ್ತಗಿನ ಬ್ರಷ್ ಸಾಕು. ಪಾಚಿ ಹೋದ ಮೇಲೆ ಓರೆಯಾಗಿ ಟಾರ್ಚ್ ಹಿಡಿದರೆ ಮಸುಕಾದ ಅಕ್ಷರವೂ ಕಾಣುತ್ತದೆ.


ಬಂದರು_ಓದುಗ:

ಬಹಳ ಉಪಕಾರವಾಯಿತು. ಒಂದು ಹಂಚಿನಲ್ಲಿ ‘ಮಂಗಳೂರು’ ಎಂದಿದೆ, ಇನ್ನೊಂದರ ಕೆಳಸಾಲು ಸವೆದಿದೆ. ಹಾಗಾದರೆ ಪೆನ್ಸಿಲಿನ ಮಾತಿನ ಎರಡನೇ ಭಾಗ, ‘ಜೆಪ್ಪುವಿಗೆ ಹಂಚು ತಂದ ಮನೆತನ’ ಎಂಬುದು? ಬೇರೆ ಮಿಶನರಿಗಳ ಹೆಸರಿಗೂ ಹೀಗೆ ಕಸುಬಿನ ಅರ್ಥ ಇರುತ್ತದಾ?


ಬಲ್ಮಠ_ಕಡತ:

ಆ ಭಾಗ ಪೂರ್ತಿ ತಪ್ಪು, ಅಳಿಸಿಬಿಡಿ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದವರು ಗೇಯೋರ್ಗ್ ಪ್ಲೆಬ್ಸ್ಟ್. ಅವರು ಮಂಗಳೂರಿಗೆ ಬಂದದ್ದೇ 1851ರಲ್ಲಿ, ಮುದ್ರಣಾಲಯದ ಕೆಲಸಕ್ಕೆ. ಜೀಗ್ಲರ್ ಧಾರವಾಡದಲ್ಲಿದ್ದು ಭಾಷೆಯ ಪುಸ್ತಕ ಬರೆದವರು. ಹಂಚಿನ ಹೆಸರಿನವರು ಪುಸ್ತಕ ಮಾಡಿದರು, ಅಚ್ಚುಕೂಟಕ್ಕೆ ಬಂದವರು ಹಂಚು ಮಾಡಿದರು. ಅಡ್ಡಹೆಸರನ್ನು ನೋಡಿ ಮನುಷ್ಯನ ಕೆಲಸ ಊಹಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ದಕ್ಷಿಣ ಜರ್ಮನಿಯಲ್ಲಿ ಮನೆತನದ ಹೆಸರುಗಳು ಸ್ಥಿರವಾದದ್ದು ಹೆಚ್ಚುಕಮ್ಮಿ 12ರಿಂದ 15ನೇ ಶತಮಾನದೊಳಗೆ. ಹೆಸರು ಹೇಳುವುದು ಆ ಕಾಲದ ಒಬ್ಬ ಪೂರ್ವಜನ ಕಸುಬನ್ನು, ಅಷ್ಟೇ. ಬೇರೆ ಬೇರೆ ಊರಿನ ಬೇರೆ ಬೇರೆ ಹಂಚಿನವರಿಗೆ ಇದೇ ಹೆಸರು ಬಿದ್ದದ್ದರಿಂದ ಜೀಗ್ಲರ್‌ಗಳೆಲ್ಲ ಒಂದೇ ಮನೆತನವೂ ಅಲ್ಲ. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮೊದಲ ನೂರು ಅಡ್ಡಹೆಸರುಗಳಲ್ಲಿ ಇದೂ ಒಂದು.

ಉಳಿದ ಮಿಶನರಿಗಳ ಹೆಸರಿನಲ್ಲೂ ಎಲ್ಲವೂ ಕಸುಬಲ್ಲ. ಕೊನೆಯಲ್ಲಿ ‘ಅರ್’ ಬಂದ ಮಾತ್ರಕ್ಕೆ ಕಸುಬು ಎಂದುಕೊಳ್ಳುವುದು ಬಹಳ ಜನ ಮಾಡುವ ತಪ್ಪು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್ ಅವರ ಜೊತೆ ಬಂದ ಇಬ್ಬರು ಮಿಶನರಿಗಳನ್ನೇ ನೋಡಿ. ‘ಲೇನರ್’ ಅಂದರೆ ದೊರೆಯಿಂದಲೋ ಮಠದಿಂದಲೋ ಜಮೀನು ಪಡೆದು ಅನುಭವಿಸುವವ. ಅದು ಕಸುಬಲ್ಲ, ಭೂಮಿಯ ಹಕ್ಕು. ‘ಗ್ರೈನರ್’ ಅಂದರೆ ಜಗಳಗಂಟ, ಕೂಗಾಡುವವ; ಪೂರ್ವಜನೊಬ್ಬನಿಗೆ ಊರವರು ಇಟ್ಟ ಅಡ್ಡಹೆಸರು. ಬಲ್ಮಠದ ನೇಯ್ಗೆಯ ಜೊತೆ ಹೆಸರು ಸೇರಿಕೊಂಡಿರುವ ‘ಹಾಲರ್’ ಸಾಮಾನ್ಯವಾಗಿ ‘ಹಾಲ್’ ಎಂಬ ಊರಿನವ ಎಂದಾಗುತ್ತದೆ, ನಮ್ಮ ‘ಪುತ್ತೂರಾಯ’ದ ಥರ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನ ಕಿಟ್ಟೆಲ್ ಅವರ ಹೆಸರಿಗೆ ಕೆಲಸದ ಸಡಿಲ ಮೇಲಂಗಿ ಎಂದು ಅರ್ಥ. ಅದನ್ನು ಹೊಲಿಯುವವನಿಗೂ ಬಂದಿರಬಹುದು, ಸದಾ ತೊಡುತ್ತಿದ್ದವನಿಗೂ ಬಂದಿರಬಹುದು.

ಜೀಗ್ಲರ್ ಅವರ ತಂದೆ ಏನು ಮಾಡುತ್ತಿದ್ದರು ಎಂದು ನಿಜವಾಗಿ ತಿಳಿಯಬೇಕಾದರೆ ದಾರಿ ಉಂಟು. ಬಾಸೆಲ್ ಮಿಶನ್ ಪ್ರತಿಯೊಬ್ಬ ಮಿಶನರಿಗೂ ‘ಸಹೋದರರ ಪಟ್ಟಿ’ಯಲ್ಲಿ ಒಂದು ಕ್ರಮಸಂಖ್ಯೆ ಕೊಟ್ಟಿತ್ತು. ಬಾಸೆಲ್‌ನಲ್ಲಿ ಈಗ ‘ಮಿಶನ್ 21’ ಸಂಸ್ಥೆಯ ವಶದಲ್ಲಿರುವ ದಾಖಲೆಗಳ ಅಂತರ್ಜಾಲ ಸೂಚಿಯಲ್ಲಿ ಮೊದಲು ಆ ಸಂಖ್ಯೆ ಹುಡುಕಿ. ಸಂಖ್ಯೆ ಸಿಕ್ಕಿದರೆ ಹುಟ್ಟಿದ ಊರು, ತರಬೇತಿಗೆ ಸೇರುವ ಮೊದಲಿನ ಕಸುಬು ಇತ್ಯಾದಿಗಳಿರುವ ಕಡತಕ್ಕೆ ದಾರಿ ಸಿಗುತ್ತದೆ. ಸಂಖ್ಯೆ ಇಲ್ಲದೆ ಬರೀ ಹೆಸರು ಕೊಟ್ಟು ಪತ್ರ ಬರೆದರೆ ಒಂದೇ ಹೆಸರಿನ ಬೇರೆಯವರ ವಿವರ ಬರುವ ಸಂಭವ ಉಂಟು. ಇಲ್ಲಿಯ ಕೆಲಸದ ಬಗ್ಗೆಯಾದರೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ನೋಡಿ.

ಹುಟ್ಟಿದ ಊರು ಗೊತ್ತಾದ ಮೇಲೆ ಮುಂದಿನ ಮೆಟ್ಟಿಲು ಚರ್ಚಿನ ದಫ್ತರ. ಬಾಸೆಲ್ ಮಿಶನ್ನಿನವರಲ್ಲಿ ಬಹಳ ಜನ ವ್ಯುರ್ಟೆಂಬೆರ್ಗ್ ಕಡೆಯವರು. ಆ ರಾಜ್ಯದಲ್ಲಿ 1808ರಿಂದ ಪ್ರತಿ ಕುಟುಂಬಕ್ಕೂ ಒಂದು ಪುಟದ ‘ಕುಟುಂಬ ದಫ್ತರ’ ಇಡುತ್ತಿದ್ದರು. ತಂದೆ, ತಾಯಿ, ಮಕ್ಕಳು, ಕಸುಬು ಎಲ್ಲ ಒಂದೇ ಕಡೆ ಸಿಗುತ್ತದೆ. ಪ್ರಾಟೆಸ್ಟಂಟ್ ದಫ್ತರಗಳಿಗೆ ‘ಆರ್ಖಿಯೋನ್’ ಎಂಬ ಜಾಲತಾಣ, ಅದು ಚಂದಾದ್ದು. ಕ್ಯಾಥೋಲಿಕ್ ದಫ್ತರಗಳಿಗೆ ‘ಮಾಟ್ರಿಕುಲಾ’, ಅದು ಉಚಿತ. ಸರಕಾರಿ ಜನನ-ಮರಣ ನೋಂದಣಿ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಬಂದದ್ದು 1876ರಲ್ಲಿ, ಅದಕ್ಕಿಂತ ಮುಂಚೆ ಹುಟ್ಟಿದವರಿಗೆ ಹೆಚ್ಚಿನ ಕಡೆ ಚರ್ಚೇ ಗತಿ.

ದಫ್ತರ ಓದುವಾಗ ಎರಡು ಕಡೆ ಎಡವುತ್ತಾರೆ. ಒಂದು, ಹಳೆಯ ಕೈಬರಹ. ಅದರಲ್ಲಿ i, e, n ಅಕ್ಷರಗಳೆಲ್ಲ ಒಂದೇ ಥರದ ಮೊನಚು ಗೀಟುಗಳಾಗಿ ಕಾಣುತ್ತವೆ. ಅದೇ ಪುಟದಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಊರಿನ ಹೆಸರು ಹುಡುಕಿ, ಅದರ ಅಕ್ಷರಗಳ ಜೊತೆ ಹೋಲಿಸಿ. ಎರಡು, ‘ಜೀಗ್ಲರ್’ ಎಂದು ಬರೆದದ್ದೆಲ್ಲ ಅಡ್ಡಹೆಸರಲ್ಲ. ಉತ್ತರ-ಪಶ್ಚಿಮದ ಲಿಪ್ಪೆ ಎಂಬ ಸಣ್ಣ ಸಂಸ್ಥಾನದಿಂದ 19ನೇ ಶತಮಾನದಲ್ಲಿ ಸಾವಿರಾರು ಗಂಡಸರು ವಸಂತದಲ್ಲಿ ಇಟ್ಟಿಗೆ ಸುಡಲು ದೂರದ ಊರುಗಳಿಗೆ ಹೋಗಿ, ಚಳಿಗಾಲಕ್ಕೆ ಮನೆಗೆ ಮರಳುತ್ತಿದ್ದರು. ಅಲ್ಲಿಯ ದಫ್ತರದಲ್ಲಿ ಹೆಸರಿನ ಮುಂದೆ ‘ಜೀಗ್ಲರ್’ ಎಂದಿದ್ದರೆ ಅದು ಆ ಮನುಷ್ಯನ ಆಗಿನ ಕೆಲಸ. ಅಲ್ಪವಿರಾಮದ ನಂತರ ಬಂದಿದೆಯೇ, ಕಸುಬಿನ ಕಾಲಮ್ಮಿನಲ್ಲಿ ಇದೆಯೇ ನೋಡಿಕೊಳ್ಳಿ.


ಮಣಿಪಾಲ_ಜರ್ಮನ್_ಪಾಠ:

ಕಡತದವರ ಮಾತಿಗೆ ಒಂದು ಸೇರಿಸುತ್ತೇನೆ. ಹಳೆ ದಾಖಲೆಯಲ್ಲಿ ಹೆಂಗಸರ ಅಡ್ಡಹೆಸರಿಗೆ ‘ಇನ್’ ಹತ್ತಿಸುತ್ತಿದ್ದರು: ‘ಜೀಗ್ಲರಿನ್’. ಅದು ಬೇರೆ ಮನೆತನವಲ್ಲ. 1575ರಲ್ಲಿ ವೋಲ್ಫೆನ್‌ಬ್ಯುಟೆಲ್‌ನಲ್ಲಿ ಸುಟ್ಟು ಕೊಂದ ರಸವಾದಿ ಅನ್ನಾ ಮರಿಯಾ ಜೀಗ್ಲರಿನ್ ಅವರ ಹೆಸರು ಪುಸ್ತಕಗಳಲ್ಲಿ ಈಗಲೂ ಹಾಗೇ ಇದೆ. ಸೂಚಿಯಲ್ಲಿ ಹುಡುಕುವಾಗ ಈ ರೂಪವನ್ನೂ ಹಾಕಿ.


ಸುರತ್ಕಲ್_ರಸಾಯನ:

ಹೆಸರುವಾಸಿ ಜೀಗ್ಲರ್‌ಗಳ ಬಗ್ಗೆ ಕೇಳಿದ್ದಿರಿ. ಸ್ವಿಸ್ ಸಮಾಜಶಾಸ್ತ್ರಜ್ಞ ಜ್ಯಾನ್ ಜೀಗ್ಲರ್, ಹುಟ್ಟಿದ್ದು 1934ರಲ್ಲಿ. 2000ರಿಂದ 2008ರವರೆಗೆ ಆಹಾರದ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರರು. ಮೌಂಟ್‌ಬ್ಯಾಟನ್ನರ ಅಧಿಕೃತ ಜೀವನಚರಿತ್ರೆ ಬರೆದ ಬ್ರಿಟಿಷ್ ಇತಿಹಾಸಕಾರ ಫಿಲಿಪ್ ಜೀಗ್ಲರ್. ನಿಕ್ಸನ್ನರ ಪತ್ರಿಕಾ ಕಾರ್ಯದರ್ಶಿ ರಾನ್ ಜೀಗ್ಲರ್. ಬರ್ಲಿನ್ನಿನ ಗಣಿತಜ್ಞ ಗ್ಯುಂಟರ್ ಜೀಗ್ಲರ್. ಆದರೆ ಚೀಟಿಯಲ್ಲಿ ಒಬ್ಬರಿಗೇ ಜಾಗ ಇದ್ದರೆ ಕಾರ್ಲ್ ಜೀಗ್ಲರ್ ಅವರನ್ನು ಹಾಕಿ. 1898ರಲ್ಲಿ ಕಾಸೆಲ್ ಹತ್ತಿರದ ಹೆಲ್ಸಾದಲ್ಲಿ ಹುಟ್ಟಿದವರು, 1963ರ ರಸಾಯನಶಾಸ್ತ್ರದ ನೊಬೆಲನ್ನು ಇಟಲಿಯ ಜೂಲಿಯೊ ನಟ್ಟಾ ಅವರ ಜೊತೆ ಹಂಚಿಕೊಂಡವರು, 1973ರಲ್ಲಿ ತೀರಿಕೊಂಡರು.

ಅವರು ಮಾಡಿದ್ದೇನು ಎನ್ನುವುದು ವಿವರಿಸಲು ಯೋಗ್ಯ. ಎಥಿಲೀನ್ ಅನಿಲದ ಕಣಗಳನ್ನು ಸರಪಳಿಯಾಗಿ ಜೋಡಿಸಿದರೆ ಪಾಲಿಥೀನ್ ಆಗುತ್ತದೆ. ಆದರೆ ಅದಕ್ಕೆ ಮೊದಲೆಲ್ಲ ಸಾವಿರಕ್ಕೂ ಹೆಚ್ಚು ವಾಯುಮಂಡಲದ ಒತ್ತಡ ಬೇಕಿತ್ತು. ಹಾಗೆ ಮಾಡಿದ ಸರಪಳಿಗೆ ಕವಲುಗಳು ಬಹಳ, ಕಣಗಳು ಒತ್ತಾಗಿ ಕೂರುವುದಿಲ್ಲ, ಪ್ಲಾಸ್ಟಿಕ್ ಮೆತ್ತಗೆ. ಮ್ಯುಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನ ಸಂಸ್ಥೆಯಲ್ಲಿ ಜೀಗ್ಲರ್ ಅವರ ತಂಡ ಅಲ್ಯುಮಿನಿಯಂ ಸಂಯುಕ್ತ ಬಳಸಿ ಸರಪಳಿ ಬೆಳೆಸುವ ಪ್ರಯೋಗ ನಡೆಸುತ್ತಿತ್ತು. ಒಮ್ಮೆ ಸರಪಳಿ ಬೆಳೆಯಲೇ ಇಲ್ಲ, ಎರಡೆರಡು ಕಣ ಜೋಡಿಯಾಗಿ ನಿಂತುಬಿಟ್ಟಿತು. ಕಾರಣ ಹುಡುಕಿದಾಗ ಪಾತ್ರೆಯಲ್ಲಿ ಉಳಿದಿದ್ದ ನಿಕ್ಕಲ್ಲಿನ ಲವಲೇಶ ಸಿಕ್ಕಿತು. ಪಾತ್ರೆ ತೊಳೆದು ಮುಂದೆ ಹೋಗಬಹುದಿತ್ತು. ಅವರು ಹಾಗೆ ಮಾಡದೆ, ಒಂದು ಲೋಹ ಇಷ್ಟು ಕೆಡಿಸುತ್ತದಾದರೆ ಬೇರೆ ಲೋಹಗಳು ಏನು ಮಾಡುತ್ತವೆ ಎಂದು ಒಂದೊಂದನ್ನೇ ಹಾಕಿ ನೋಡಿದರು. 1953ರಲ್ಲಿ ಜಿರ್ಕೋನಿಯಂ, ಆಮೇಲೆ ಟೈಟಾನಿಯಂ ಸಂಯುಕ್ತಗಳು ಸಾಧಾರಣ ಒತ್ತಡದಲ್ಲೇ ಕವಲಿಲ್ಲದ ಉದ್ದ ಸರಪಳಿ ಕೊಟ್ಟವು. ಗಟ್ಟಿ ಕೊಡಪಾನ, ಬಕೆಟ್, ತೋಟದ ಕಪ್ಪು ಪೈಪು ಮಾಡುವ ಪ್ಲಾಸ್ಟಿಕ್ ಇದೇ. ಮರುವರ್ಷ ನಟ್ಟಾ ಇದೇ ದಾರಿಯಲ್ಲಿ ಪಾಲಿಪ್ರೊಪಿಲೀನ್ ಮಾಡಿದರು. ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲೂ ಪಾಲಿಪ್ರೊಪಿಲೀನ್ ಘಟಕ ಉಂಟು. ಜಗತ್ತಿನಲ್ಲಿ ಆ ಪ್ಲಾಸ್ಟಿಕ್ಕಿನ ಬಹುಪಾಲು ತಯಾರಾಗುವುದು ಜೀಗ್ಲರ್-ನಟ್ಟಾ ಮಾದರಿಯ ವೇಗವರ್ಧಕದಿಂದ.

ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ: ಇದರಲ್ಲಿ ಬಳಸುವ ಟ್ರೈಎಥಿಲ್ ಅಲ್ಯುಮಿನಿಯಂ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಒಣ ನೈಟ್ರೋಜನ್ ಅಥವಾ ಆರ್ಗಾನ್ ಮುಚ್ಚಿಗೆಯಿಲ್ಲದೆ ಮುಟ್ಟುವಂಥದ್ದಲ್ಲ. ಅನಿಲದಲ್ಲಿ ತೇವದ ಅಂಶ ಉಳಿದರೆ ವೇಗವರ್ಧಕ ಸತ್ತುಹೋಗುತ್ತದೆ, ಸರಪಳಿ ಬೆಳೆಯುವುದಿಲ್ಲ.


ಬಂದರು_ಓದುಗ:

ಎಲ್ಲರಿಗೂ ಧನ್ಯವಾದ. ಚೀಟಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

‘ಎಫ್. ಜೀಗ್ಲರ್ (ಉಚ್ಚಾರ: ತ್ಸೀಗ್ಲರ್), ಬಾಸೆಲ್ ಮಿಶನ್, ಧಾರವಾಡ. ಅಡ್ಡಹೆಸರಿನ ಅರ್ಥ: ಹಂಚು, ಇಟ್ಟಿಗೆ ಸುಡುವವನು. ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದವರು ಗೇಯೋರ್ಗ್ ಪ್ಲೆಬ್ಸ್ಟ್. ಪಕ್ಕದ ಹಂಚುಗಳು: ಜೆಪ್ಪು, 1865ರ ನಂತರ, ಮೊದಲ ಮಹಾಯುದ್ಧಕ್ಕಿಂತ ಹಿಂದೆ.’


ಜೆಪ್ಪು_ಆವೆಮಣ್ಣು:

ಒಂದು ತಿದ್ದುಪಡಿ. ಅಚ್ಚಿನಲ್ಲಿ ‘ಮಂಗಳೂರು’ ಎಂದಷ್ಟೇ ಇದ್ದರೆ ಅದು ಜೆಪ್ಪುವಿನದ್ದೂ ಆಗಬಹುದು, ಕುದ್ರೋಳಿಯದ್ದೂ ಆಗಬಹುದು. ಒಂದಕ್ಕೆ ‘ಮಂಗಳೂರು’ ಎಂದು ಹಾಕಿ, ಸಾಲು ಸವೆದಿರುವ ಇನ್ನೊಂದಕ್ಕೆ ಊರು ಖಾಲಿ ಬಿಡಿ. ಎರಡರ ಉದ್ದ, ಅಗಲ, ತೂಕ ಅಳೆದು ಚೀಟಿಯ ಹಿಂಬದಿ ಬರೆದಿಡಿ. ಮುಂದೆ ಊರು ಗೊತ್ತಿರುವ ಹಂಚು ಸಿಕ್ಕಿದಾಗ ಹೋಲಿಸಲು ಅದೇ ಬೇಕಾಗುವುದು.